ಸಮನ್ಸ್‌ಗೂ ಮುನ್ನ ಆರೋಪಿಯ ಮಾತು ಕೇಳಬೇಕು: ಏನಿದು ಸೆಕ್ಷನ್ 223?

ಚೆನ್ನೈ: ಎಗ್ಮೋರ್ ನ್ಯಾಯಾಲಯದಲ್ಲಿ ಯಾರೋ ನಿಮ್ಮ ವಿರುದ್ಧ ಮಾನಹಾನಿಯ ಖಾಸಗಿ ದೂರು ಕೊಟ್ಟರೆ, ಮೊದಲೆಲ್ಲ ಅದು ಗೊತ್ತಾಗುತ್ತಿದ್ದದ್ದು ಸಾಮಾನ್ಯವಾಗಿ ಸಮನ್ಸ್ ಮನೆಗೆ ಬಂದಾಗಲೇ. ಹಳೆಯ ಸಿಆರ್‌ಪಿಸಿಯಲ್ಲಿ ಅಲ್ಲಿಯವರೆಗೆ ಆರೋಪಿ ಮಾತನಾಡುವಂತಿರಲಿಲ್ಲ. ಹೊರಡಿಸಿದ ಸಮನ್ಸನ್ನು ಮ್ಯಾಜಿಸ್ಟ್ರೇಟ್ ಹಿಂಪಡೆಯುವಂತಿಲ್ಲ ಎಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಹೀಗಾಗಿ ದೂರು ಸುಳ್ಳೆಂದು ಅದನ್ನು ರದ್ದು ಮಾಡಿಸಲು ಹೈಕೋರ್ಟ್ ಮೆಟ್ಟಿಲೇರಬೇಕಿತ್ತು. ಹಣ, ಸಮಯ ಎರಡೂ ದಂಡ!

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) ಇದನ್ನು ಬದಲಿಸಿದೆ. ಆರೋಪಿಗೆ ಹೇಳಿಕೊಳ್ಳಲು ಅವಕಾಶ ಕೊಡದೆ ಮ್ಯಾಜಿಸ್ಟ್ರೇಟ್ ಖಾಸಗಿ ದೂರಿನ ಮೇಲೆ ಕಾಗ್ನಿಜೆನ್ಸ್ ತೆಗೆದುಕೊಳ್ಳುವಂತಿಲ್ಲ ಎನ್ನುತ್ತದೆ ಸೆಕ್ಷನ್ 223.

ಆದರೆ ನೋಟಿಸ್ ಕೊಡುವುದು ಯಾವಾಗ? ಈ ಗೊಂದಲ ಬಿಡಿಸಿದ್ದು ಕರ್ನಾಟಕ ಹೈಕೋರ್ಟ್. ಸಚಿವ ಶಿವಾನಂದ ಪಾಟೀಲ್ ಅವರು ಶಾಸಕ ಬಸನಗೌಡ ಪಾಟೀಲ್ ಯತ್ನಾಳ್ ವಿರುದ್ಧ ಹೂಡಿದ್ದ ಮಾನಹಾನಿ ಪ್ರಕರಣದಲ್ಲಿ, ದೂರುದಾರರ ಪ್ರಮಾಣೀಕೃತ ಹೇಳಿಕೆ ದಾಖಲಿಸುವ ಮೊದಲೇ ನೋಟಿಸ್ ಹೋಗಿತ್ತು. 2024ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅದನ್ನು ರದ್ದುಪಡಿಸಿದರು. ಮೊದಲು ದೂರುದಾರರು, ಸಾಕ್ಷಿಗಳ ಹೇಳಿಕೆ, ಆಮೇಲೆ ನೋಟಿಸ್. ಜತೆಗೆ ದೂರು ಮತ್ತು ಹೇಳಿಕೆಗಳ ಪ್ರತಿಯೂ ಇರಬೇಕು. ಕಾಟಾಚಾರದ ನೋಟಿಸ್ ಸಾಲದು.

ಪೊಲೀಸರು ಎಫ್‌ಐಆರ್ ಹಾಕಿ ಆರೋಪಪಟ್ಟಿ ಸಲ್ಲಿಸುವ ಪ್ರಕರಣಗಳಿಗೆ ಈ ಹಕ್ಕು ಅನ್ವಯಿಸುವುದಿಲ್ಲ. ಚೆಕ್ ಬೌನ್ಸ್ ಪ್ರಕರಣಗಳಿಗೂ ಬೇಕಿಲ್ಲ ಎಂದು 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜಾರಿ ನಿರ್ದೇಶನಾಲಯದ (ಇ.ಡಿ.) ದೂರುಗಳಲ್ಲಿ ಮಾತ್ರ ಆರೋಪಿಯ ಮಾತು ಕೇಳಲೇಬೇಕು ಎಂದು ಅದೇ ವರ್ಷ ಮೇ ತಿಂಗಳಲ್ಲಿ ತೀರ್ಪು ನೀಡಿತ್ತು.