ಜಂಗಪುರದ ಮನೆ ಕಾರ್ಖಾನೆ

ದೆಹಲಿಯ ಜಂಗಪುರದಲ್ಲಿ ಹಿಂದೂಸ್ಥಾನ್ ಪ್ರಿಫ್ಯಾಬ್ ಲಿಮಿಟೆಡ್ ಎಂಬ ಸರ್ಕಾರಿ ಉದ್ಯಮ ನೆಲೆಗೊಂಡಿತ್ತು. ಈ ನಗರದ ಕನ್ನಡಿಗರಾದ ನಾವು ಆ ಹಾದಿಯಲ್ಲಿ ಎಷ್ಟೋ ಸಲ ಹೋಗಿಬಂದಿದ್ದೇವೆ. ಆದರೆ ಅದರ ಮೂಲದಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದವರೊಬ್ಬರ ಕಥೆಯಿದೆ ಎಂಬುದನ್ನು ನಾವು ನೆನೆಯುವುದು ಕಡಿಮೆ. ಸಣ್ಣ ಮನೆಗಳನ್ನು ಬಿಡಿಭಾಗಗಳಾಗಿ ಎರಕ ಹೊಯ್ದು, ಬೇಕಾದಲ್ಲಿ ಜೋಡಿಸಿ ನಿಲ್ಲಿಸುವ ವಿಚಾರ ಇಂದು ಹೊಸ ತಂತ್ರಜ್ಞಾನದ ಹೆಸರಿನಲ್ಲಿ ಮತ್ತೆ ಕೇಳಿಬರುತ್ತಿದೆ. ಸ್ವತಂತ್ರ ಭಾರತ ಹುಟ್ಟಿದ ಎರಡು ಮೂರು ವರ್ಷಗಳಲ್ಲಿಯೇ ಅದನ್ನು ಮಾಡಿ ನೋಡಿತ್ತು.

ಆಟೋ ಕೋನಿಗ್ಸ್‌ಬರ್ಗರ್ ಬರ್ಲಿನ್ನಿನಲ್ಲಿ 1908ರಲ್ಲಿ ಹುಟ್ಟಿದ ಯಹೂದಿ. 1933ರಲ್ಲಿ ನಾಜಿಗಳು ಅಧಿಕಾರ ಹಿಡಿದಾಗ ಕೆಲಸ ಕಳೆದುಕೊಂಡು ಈಜಿಪ್ಟ್ ಸೇರಿದರು. ಅಲ್ಲಿ ಪ್ರಾಚೀನ ಈಜಿಪ್ಟಿನ ಬಾಗಿಲುಗಳ ರಚನೆಯ ಮೇಲೆ ಅಧ್ಯಯನ ಮಾಡಿ ಡಾಕ್ಟರೇಟ್ ಪ್ರಬಂಧ ಬರೆದರು. ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲದಲ್ಲಿ, 1939ರಲ್ಲಿ, ಮೈಸೂರಿನ ಸೇವೆಗೆ ಬಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳು ಮತ್ತು ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ ಅವರ ಕೈಯವು. ಬಿಸಿಲು, ಗಾಳಿ, ಮಳೆಗಳನ್ನು ಗಮನಿಸಿ ಕಟ್ಟುವ ವಿದ್ಯೆಯನ್ನು ಅವರು ಕಲಿತದ್ದು ಹೆಚ್ಚಾಗಿ ನಮ್ಮ ನಾಡಿನಲ್ಲಿಯೇ.

ಆದರೆ ಅವರ ಮೊದಲ ಪಾಠ ಬರ್ಲಿನ್ನಿನದು. ಬ್ರೂನೋ ಟಾಟ್‌ರಂಥವರು ಕಾರ್ಮಿಕರಿಗಾಗಿ ದೊಡ್ಡ ವಸತಿ ಬಡಾವಣೆಗಳನ್ನು ಕಟ್ಟುತ್ತಿದ್ದ ಕಾಲವದು. ಮನುಷ್ಯನ ಬದುಕಿಗೆ ಕನಿಷ್ಠ ಎಷ್ಟು ಜಾಗ ಬೇಕು ಎಂಬ ಒಂದೇ ಪ್ರಶ್ನೆಗಾಗಿ 1929ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಆಧುನಿಕ ವಾಸ್ತುಶಿಲ್ಪಿಗಳ ಅಂತರರಾಷ್ಟ್ರೀಯ ಸಮಾವೇಶ ನಡೆದಿತ್ತು. ಅಡಿಗೆಮನೆಯ ಅಗಲವನ್ನು ಸೆಂಟಿಮೀಟರಿನ ಲೆಕ್ಕದಲ್ಲಿ ಅಳೆದ ಆ ತಲೆಮಾರಿಗೆ, ಮೋಟಾರು ಕಾರಿನಂತೆ ಮನೆಯೂ ಕಾರ್ಖಾನೆಯಲ್ಲಿ ತಯಾರಾಗಬಲ್ಲದು ಎಂಬ ನಂಬಿಕೆಯಿತ್ತು. ಅದು ಹುಸಿ ನಂಬಿಕೆಯೇನಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ ಇಂಥ 1.5 ಲಕ್ಷಕ್ಕೂ ಹೆಚ್ಚು ತಾತ್ಕಾಲಿಕ ಮನೆಗಳನ್ನು ಕೆಲವೇ ವರ್ಷಗಳಲ್ಲಿ ನಿಲ್ಲಿಸಿತು.

ದೆಹಲಿಗೆ ಆಗ ಅಂಥದ್ದೊಂದು ಪವಾಡವೇ ಬೇಕಾಗಿತ್ತು. 1941ರಲ್ಲಿ ಸುಮಾರು 9.18 ಲಕ್ಷವಿದ್ದ ದೆಹಲಿ ಪ್ರಾಂತದ ಜನಸಂಖ್ಯೆ 1951ರ ಗಣತಿಯಲ್ಲಿ 17.44 ಲಕ್ಷವಾಯಿತು. ದೇಶವಿಭಜನೆಯಿಂದ ಬಂದವರು ಪುರಾನಾ ಕಿಲಾದಲ್ಲಿ, ಹುಮಾಯೂನನ ಸಮಾಧಿಯ ಆವರಣದಲ್ಲಿ, ಕಿಂಗ್ಸ್‌ವೇ ಶಿಬಿರದ ಡೇರೆಗಳಲ್ಲಿ ತುಂಬಿದ್ದರು. 1948ರಲ್ಲಿ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾಗಿ ದೆಹಲಿಗೆ ಬಂದ ಕೋನಿಗ್ಸ್‌ಬರ್ಗರ್ ಮುಂದಿದ್ದ ದೃಶ್ಯ ಇದು. ವಸತಿ ಆಗ ಆರೋಗ್ಯ ಸಚಿವಾಲಯದ ವಿಷಯ. ರಾಜಕುಮಾರಿ ಅಮೃತ್ ಕೌರ್ ಸಚಿವರು.

ಜಂಗಪುರದಲ್ಲಿ ಸರ್ಕಾರಿ ಮನೆ ಕಾರ್ಖಾನೆ ಎದ್ದಿತು. ಸಿಮೆಂಟಿನ ಮಿಶ್ರಣದೊಳಗೆ ಗಾಳಿಯ ಗುಳ್ಳೆಗಳನ್ನು ಹುಟ್ಟಿಸಿ, ಹಗುರವಾದ ದೊಡ್ಡ ಹಲಗೆಗಳನ್ನು ಎರಕ ಹೊಯ್ದು, ಅವುಗಳಿಂದಲೇ ಪುಟ್ಟ ಮನೆಯನ್ನು ಜೋಡಿಸುವುದು ಯೋಜನೆ. ಕಾಗದದ ಮೇಲೆ ಅದರಲ್ಲಿ ಕೊರತೆ ಕಾಣುವುದಿಲ್ಲ. ಹಗುರವಾದ ಹಲಗೆಯನ್ನು ಸಾಗಿಸುವುದು ಸುಲಭ. ಅದರೊಳಗಿನ ಗಾಳಿ ಬಿಸಿಲನ್ನು ತಡೆಯುತ್ತದೆ. ಆದರೆ ಹಲಗೆಗಳು ಬಿರುಕುಬಿಟ್ಟವು. ಬೆರಳೆಣಿಕೆಯ ಮನೆಗಳಾಚೆಗೆ ಕೆಲಸ ಸಾಗಲಿಲ್ಲ. ಸಂಸತ್ತಿನಲ್ಲಿ ಸಚಿವರು ಕಟು ಟೀಕೆ ಕೇಳಬೇಕಾಯಿತು. 1951ರಲ್ಲಿ ಕೋನಿಗ್ಸ್‌ಬರ್ಗರ್ ಭಾರತವನ್ನೇ ಬಿಟ್ಟು ಲಂಡನ್ನಿಗೆ ಹೋದರು.

ಈ ಸೋಲನ್ನು ಸಿಮೆಂಟಿನ ಮಿಶ್ರಣದ ಮೇಲೆ ಹೊರಿಸಿ ಕಡತ ಮುಚ್ಚುವುದು ಸುಲಭ. ಕಡತ ಮುಚ್ಚುವ ಕಲೆ ಸರ್ಕಾರಿ ನೌಕರಿಯಲ್ಲಿರುವ ನಮಗೆ ಅಪರಿಚಿತವೇನಲ್ಲ. ಆದರೆ ಬ್ರಿಟನ್ನಿನಲ್ಲಿ ಈ ಬಗೆಯ ಮನೆ ಗೆದ್ದದ್ದೇಕೆ? ಅಲ್ಲಿ ಗಾರೆ ಕೆಲಸದವರ ಕೊರತೆಯಿತ್ತು. ಯುದ್ಧ ಮುಗಿದು ವಿಮಾನ ಕಾರ್ಖಾನೆಗಳು ಕೆಲಸವಿಲ್ಲದೆ ನಿಂತಿದ್ದವು. ದೆಹಲಿಯಲ್ಲಿದ್ದದ್ದು ಅದರ ತಿರುವುಮುರುವು. ಯಂತ್ರಗಳೇ ಇರಲಿಲ್ಲ, ಸಾವಿರಾರು ಕೈಗಳು ಶಿಬಿರಗಳಲ್ಲಿ ಸುಮ್ಮನೆ ಕುಳಿತಿದ್ದವು. ಇಟ್ಟಿಗೆ ಒಡೆದರೆ ಒಂದು ಇಟ್ಟಿಗೆ ಹೋಯಿತು, ಗಾರೆಯವನು ಇನ್ನೊಂದನ್ನಿಡುತ್ತಾನೆ. ಹಲಗೆ ಒಡೆದರೆ ಗೋಡೆಯೇ ಹೋಯಿತು, ಕಾರ್ಖಾನೆಗೆ ಬರೆಯಬೇಕು. ‘ಮನೆ ಕಟ್ಟಿ ನೋಡು’ ಎನ್ನುವ ನಮ್ಮ ಗಾದೆ ಕಟ್ಟುವವನ ಕಷ್ಟವನ್ನು ಹೇಳುತ್ತದೆ. ಕಟ್ಟುವ ಕೆಲಸವನ್ನೇ ಕಿತ್ತುಕೊಂಡರೆ ಉಳಿಯುವ ಕಷ್ಟ ಅದಕ್ಕೆ ಗೊತ್ತಿರಲಿಲ್ಲ.

ಅದೇ ವರ್ಷಗಳಲ್ಲಿ, ದೆಹಲಿಯಿಂದ ಅನತಿ ದೂರದ ಫರೀದಾಬಾದಿನಲ್ಲಿ ನಡೆದದ್ದನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. ವಾಯವ್ಯ ಗಡಿನಾಡಿನಿಂದ ಬಂದ ನಿರಾಶ್ರಿತರು ಗುತ್ತಿಗೆದಾರರು ಕಟ್ಟಿಕೊಡುವ ಮನೆಯನ್ನು ಕಾಯಲು ಒಪ್ಪದೆ, ಕೆಲಸವನ್ನು ತಮಗೇ ಕೊಡಿ ಎಂದರು. ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯರ ನೇತೃತ್ವದ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಅವರ ಬೆನ್ನಿಗೆ ನಿಂತಿತು. ಅಂಗಡಿ ನಡೆಸಿದವರು, ಗುಮಾಸ್ತರು ಸಹಕಾರ ಸಂಘಗಳಲ್ಲಿ ಸೇರಿ, ಕಲಿಯುತ್ತ ಕಲಿಯುತ್ತಲೇ ಸುಮಾರು 5,000 ಮನೆಗಳನ್ನು ಕಟ್ಟಿದರು. ಅವು ಸಾದಾ ಇಟ್ಟಿಗೆಯ ಮನೆಗಳು. ವಾಸ್ತುಶಿಲ್ಪದ ಇತಿಹಾಸದಲ್ಲಿ ಅವುಗಳಿಗೆ ದೊಡ್ಡ ಸ್ಥಾನವಿಲ್ಲ. ಆದರೆ ಮನೆಯ ಜೊತೆಗೇ ಕೂಲಿಯೂ ಕಸುಬೂ ದೊರೆತವು. ಗೋಡೆ ಬಿರಿದರೆ ತೇಪೆ ಹಾಕಬಲ್ಲವನು ಆ ಗೋಡೆಯೊಳಗೇ ವಾಸವಾಗಿದ್ದ.

ಜಂಗಪುರದ ಕಾರ್ಖಾನೆ ಅಲ್ಲಿಗೇ ಮುಗಿಯಲಿಲ್ಲ. 1953ರಲ್ಲಿ ಹಿಂದೂಸ್ಥಾನ್ ಹೌಸಿಂಗ್ ಫ್ಯಾಕ್ಟರಿ ಎಂಬ ಕಂಪನಿಯಾಯಿತು, 1978ರಲ್ಲಿ ಹಿಂದೂಸ್ಥಾನ್ ಪ್ರಿಫ್ಯಾಬ್ ಎಂಬ ಹೆಸರು ಪಡೆಯಿತು. ರೈಲುಹಳಿಯ ಸ್ಲೀಪರುಗಳನ್ನೂ ವಿದ್ಯುತ್ ಕಂಬಗಳನ್ನೂ ತಯಾರಿಸಿತು. ಎಲ್ಲವೂ ಒಂದೇ ಅಳತೆಯಲ್ಲಿರಬೇಕಾದ ವಸ್ತುಗಳಿಗೆ ಕಾರ್ಖಾನೆ ಹೇಳಿ ಮಾಡಿಸಿದ ಜಾಗ.

ಕೋನಿಗ್ಸ್‌ಬರ್ಗರರ ಮುಂದಿನ ಬದುಕು ನಮಗೆ ಇನ್ನೂ ಕುತೂಹಲಕರವಾಗಿ ತೋರುತ್ತದೆ. ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪವನ್ನು ಕಲಿಸುವ ವಿಭಾಗ ಕಟ್ಟುವುದರಲ್ಲಿ ಅವರು ಮುಂದಾದರು. 1950ರ ದಶಕದ ಮಧ್ಯದಲ್ಲಿ ವಿಶ್ವಸಂಸ್ಥೆಯ ತಜ್ಞರ ತಂಡದೊಡನೆ ಇಂದಿನ ಘಾನಾಕ್ಕೆ ಹೋದಾಗ ಆ ತಂಡ ಕೊಟ್ಟ ಸಲಹೆ ಜಂಗಪುರಕ್ಕೆ ಸಂಪೂರ್ಣ ವಿರುದ್ಧವಾದುದು. ಜನ ಗೋಡೆಯನ್ನು ತಮ್ಮ ಮಣ್ಣಿನಿಂದ ತಾವೇ ಎಬ್ಬಿಸುತ್ತಾರೆ. ಅವರ ಕೈಗೆ ಎಟುಕದಿರುವುದು ಛಾವಣಿ, ಬಾಗಿಲು, ಕಿಟಕಿ. ಸರ್ಕಾರ ಅವುಗಳಿಗೆ ಮಾತ್ರ ಸಾಲ ಕೊಡಲಿ. ಇಡೀ ಮನೆಯನ್ನು ಎರಕ ಹೊಯ್ಯಹೊರಟಿದ್ದವರು ಈಗ ಛಾವಣಿಯಷ್ಟನ್ನೇ ಉಳಿಸಿಕೊಂಡಿದ್ದರು.

ಈಗ ಕೇಂದ್ರ ಸರ್ಕಾರದ ಲೈಟ್‌ಹೌಸ್ ಯೋಜನೆಯಡಿ ಚೆನ್ನೈಯ ಪೆರುಂಬಾಕ್ಕಂನಲ್ಲಿ ಕಾರ್ಖಾನೆ ಎರಕದ ಕಾಂಕ್ರೀಟಿನ 1,152 ಮನೆಗಳು 2022ರಲ್ಲಿ ಉದ್ಘಾಟನೆಗೊಂಡಿವೆ. ಜಂಗಪುರದ ಹಲಗೆಗೂ ಇಂದಿನ ಎರಕಕ್ಕೂ ಹೋಲಿಕೆಯೇ ಇಲ್ಲ. ತಂತ್ರ ಅಷ್ಟು ಮುಂದುವರಿದಿದೆ. ನೆಲವೇ ಇಲ್ಲದ ಮಹಾನಗರದಲ್ಲಿ ಅಂತಸ್ತಿನ ಮೇಲೆ ಅಂತಸ್ತು ಅನಿವಾರ್ಯವೂ ಹೌದು. ಆದರೆ ದೆಹಲಿಯ ಲಾಜಪತ ನಗರ, ಪಟೇಲ ನಗರಗಳಲ್ಲಿ ನಿರಾಶ್ರಿತರಿಗೆ ದೊರೆತ ಪುಟ್ಟ ಮನೆಗಳು ಮಗನ ಮದುವೆಗೊಂದು ಕೋಣೆ, ಬಾಡಿಗೆಗೊಂದು ಮಹಡಿ ಎಂದು ಬೆಳೆಯುತ್ತ ಹೋದುದನ್ನು ಕಂಡ ನಮಗೆ, ನಾಲ್ಕನೆಯ ಮಹಡಿಯ ಮನೆಯವನು ತನ್ನ ಮನೆಯನ್ನು ಯಾವ ಕಡೆಗೆ ಬೆಳೆಸಿಯಾನು ಎಂಬ ಪ್ರಶ್ನೆ ಉಳಿದೇ ಇದೆ.