ಹಂಡೆಗೆ ಹಬ್ಬವಿತ್ತು, ಗೀಸರ್‌ಗೆ ಇಲ್ಲ

ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹಂಡೆ ಬೆಳಗಿ, ಸುಣ್ಣ-ಕೆಮ್ಮಣ್ಣು ಬಳಿದು, ಕೊರಳಿಗೆ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜಿಸುತ್ತಾರೆ. ಇದು ಬರೀ ಶಾಸ್ತ್ರವಲ್ಲ. ವರ್ಷಕ್ಕೊಮ್ಮೆಯಾದರೂ ಹಂಡೆಯನ್ನು ಪೂರ್ತಿ ಖಾಲಿ ಮಾಡಿ ಹುಣಸೆಹಣ್ಣಿನಲ್ಲಿ ತಿಕ್ಕುವ ದಿನ ಅದು. ಈಗ ಹಂಡೆಯ ಕೆಲಸವನ್ನು ಗೋಡೆಯ ಮೇಲಿನ ಗೀಸರ್ ಮಾಡುತ್ತಿದೆ. ಅದನ್ನು ತೊಳೆಯಲು ಮಾತ್ರ ಯಾವ ದಿನವೂ ಇಲ್ಲ. ಈ ಮರೆವಿಗೆ ತೆರುವ ಬೆಲೆ ಕೆಲವೊಮ್ಮೆ ರಿಪೇರಿ ಖರ್ಚು, ಕೆಲವೊಮ್ಮೆ ಜೀವ.

ನೀರೊಲೆಯಲ್ಲಿ ಬೆಂಕಿ ಹಂಡೆಯ ಹೊರಗಿತ್ತು. ಚನ್ನಗಿರಿ ಕಡೆ ಅಡಿಕೆ ಸೋಗೆ, ಜಗಳೂರು ಕಡೆ ಹತ್ತಿಕಟ್ಟಿಗೆ ಉರಿಯುತ್ತಿತ್ತು. ಹಂಡೆಯೊಳಗೆ ಬಿಳಿ ಹಕ್ಕಳೆ ಕಟ್ಟಿದರೆ ಕಣ್ಣಿಗೇ ಕಾಣುತ್ತಿತ್ತು.

ಗೀಸರ್ ಎಂಬ ಹೆಸರು ಐಸ್‌ಲ್ಯಾಂಡ್ ದೇಶದ ಬಿಸಿನೀರಿನ ಬುಗ್ಗೆಯದು. 1868ರಲ್ಲಿ ಲಂಡನ್ನಿನ ಬೆಂಜಮಿನ್ ಮಾನ್ ತನ್ನ ಗ್ಯಾಸ್ ಒಲೆಯ ಬಿಸಿನೀರಿನ ಯಂತ್ರಕ್ಕೆ ಈ ಹೆಸರಿಟ್ಟ. 1906ರಲ್ಲಿ ಅಮೆರಿಕದ ಆಲ್ಬರ್ಟ್ ಮಾರ್ಶ್ ನಿಕ್ಕಲ್-ಕ್ರೋಮಿಯಂ ತಂತಿಗೆ ಪೇಟೆಂಟ್ ಪಡೆದ. ಕೆಂಪಗೆ ಕಾದರೂ ಬೇಗ ಸುಟ್ಟುಹೋಗದ ಆ ತಂತಿಯಿಂದಲೇ ಇಂದಿನ ಕಾಯಿಲ್. ಅಲ್ಲಿಂದ ಬೆಂಕಿ ನೀರಿನೊಳಗೇ ಹೋಯಿತು, ನಮ್ಮ ಕಣ್ಣಿಗೆ ಮರೆಯಾಯಿತು.

ನಮ್ಮ ರಾಜ್ಯದಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ. ಜೋಗದ ವಿದ್ಯುದಾಗಾರ ಶುರುವಾದದ್ದು 1948ರಲ್ಲಿ. ಹಳ್ಳಿಮನೆಗಳಿಗೆ ಕರೆಂಟು ಬಂದಾಗ ವೈರ್ ಎಳೆದದ್ದು ಬಲ್ಬಿನ ಲೆಕ್ಕದಲ್ಲಿ. 2000 ವ್ಯಾಟಿನ ಗೀಸರ್ ಎಂದರೆ 40 ವ್ಯಾಟಿನ 50 ಬಲ್ಬು ಒಟ್ಟಿಗೆ ಉರಿಸಿದ ಹಾಗೆ. ಹಳೇ ವೈರಿಗೆ ಸಿಕ್ಕಿಸಿದರೆ ಪ್ಲಗ್ ಕರಗುತ್ತದೆ. ಅದಕ್ಕೆ ಬೇರೆಯೇ ದಪ್ಪ ವೈರು, 16 ಆಂಪಿಯರ್ ಪ್ಲಗ್, ಸರಿಯಾದ ಅರ್ತಿಂಗ್ ಬೇಕು.

ಇನ್ನು ನೀರಿನ ಮಾತು. ಹೊನ್ನಾಳಿ, ನ್ಯಾಮತಿ ಕಡೆ ತುಂಗಭದ್ರೆ ಇದೆ. ಜಗಳೂರಿನ ಒಣಭೂಮಿಗೆ ಬೋರ್‌ವೆಲ್ಲೇ ಗತಿ. ಕಲ್ಲಿನ ಸಂದಿಯಿಂದ ಬರುವ ನೀರಲ್ಲಿ ಸುಣ್ಣದಂಶ ಕರಗಿರುತ್ತದೆ. ಕಾಯಿಸಿದಾಗ ಅದು ಬೇರೆಯಾಗಿ ಕಾಯಿಲ್ ಮೇಲೆ ಕೂರುತ್ತದೆ. ಶಾಖ ನೀರಿಗೆ ಸಲೀಸಾಗಿ ದಾಟದೆ ಕಾಯಿಲನ್ನೇ ಸುಡುತ್ತದೆ. ಕಾಯಿಲಿನ ಕವಚ ಬಿರಿದರೆ ಕರೆಂಟು ನೀರಿಗಿಳಿಯುತ್ತದೆ.

ಟ್ಯಾಂಕಿನೊಳಗೆ ಮೆಗ್ನೀಷಿಯಂ ಸರಳೂ ಒಂದಿರುತ್ತದೆ. ತಾನು ಸವೆದು ಟ್ಯಾಂಕನ್ನು ತುಕ್ಕಿನಿಂದ ಕಾಯುವುದು ಅದರ ಕೆಲಸ. ಹಡಗಿನ ತಳದ ತಾಮ್ರದ ತಗಡನ್ನು ಉಳಿಸಲು ಹಂಫ್ರಿ ಡೇವಿ 1824ರಲ್ಲಿ ಕಂಡುಕೊಂಡ ಉಪಾಯವಿದು. ಸರಳು ಪೂರ್ತಿ ಸವೆದ ಮೇಲೆ ತೂತಾಗುವುದು ಟ್ಯಾಂಕೇ.

ಲಕ್ಷಣ ನೋಡಿ ರೋಗ ಹಿಡಿಯಬಹುದು. ಗೊರಗೊರ ಸದ್ದು ಬಂದರೆ ಹಕ್ಕಳೆ ಕಟ್ಟಿದೆ. ನೀರು ಉಗುರುಬೆಚ್ಚಗಾದಾಗಲೇ ಕೆಂಪು ದೀಪ ಆರಿದರೆ ಥರ್ಮೋಸ್ಟಾಟ್ ನೋಡಿಸಿ. ಬಿಸಿನೀರು ಮಾತ್ರ ಕಂದು ಬಣ್ಣಕ್ಕೆ ತಿರುಗಿದರೆ ಸರಳು ಸವೆದಿರಬಹುದು. ಆನ್ ಮಾಡಿದ ಕೂಡಲೇ ಎಂಸಿಬಿ ಬಿದ್ದರೆ ಮತ್ತೆ ಮತ್ತೆ ಎತ್ತಬೇಡಿ. ನಲ್ಲಿ ಮುಟ್ಟಿದಾಗ ಜುಮ್ಮೆಂದರೆ ಒದ್ದೆ ಕೈಯಲ್ಲಿ ಏನನ್ನೂ ಮುಟ್ಟದೆ ಹೊರಬಂದು ಮೇನ್ ಆಫ್ ಮಾಡಿ; ಎಲೆಕ್ಟ್ರಿಷಿಯನ್ ನೋಡುವ ತನಕ ಬಳಸಬೇಡಿ.

ತೊಳೆಯುವಾಗಲೂ ಮೊದಲು ಮೇನ್ ಆಫ್. ನೀರು ಆರಲಿ, ಪೂರ್ತಿ ಇಳಿಯಲಿ. ಮುಚ್ಚಳ ಬಿಚ್ಚುವುದು ಬಲ್ಲವರ ಕೆಲಸ. ಕಾಯಿಲನ್ನು ವಿನೆಗರ್ ಅಥವಾ ಸಿಟ್ರಿಕ್ ಆಸಿಡ್ ಪುಡಿ ಕರಗಿಸಿದ ನೀರಿನಲ್ಲಿ ನೆನೆಸಿದರೆ ಹಕ್ಕಳೆ ಬಿಡುತ್ತದೆ. ಹುಣಸೆಹಣ್ಣು ಮಾಡುತ್ತಿದ್ದುದೂ ಇದೇ ಹುಳಿಯ ಕೆಲಸ. ಟಾಯ್ಲೆಟ್ ಆಸಿಡ್ ಬೇಡ, ಅದು ಲೋಹವನ್ನೇ ತಿನ್ನುತ್ತದೆ. ಮತ್ತೆ ಆನ್ ಮಾಡುವ ಮುನ್ನ ಬಿಸಿನೀರಿನ ನಲ್ಲಿಯಲ್ಲಿ ನೀರು ಬರುವವರೆಗೆ ಟ್ಯಾಂಕ್ ತುಂಬಿಸಿ. ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿ ಒಣಗದಂತೆ ನೀರು ಹಾಕುತ್ತಿರಿ.

ಇದಕ್ಕೆ ಹೊಸ ದಿನ ಹುಡುಕಬೇಕಿಲ್ಲ. ನೀರು ತುಂಬುವ ಹಬ್ಬದ ವಾರ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಬೋರ್ ನೀರಿನ ಮನೆಯಾದರೆ ಯುಗಾದಿಗೆ ಇನ್ನೊಮ್ಮೆ.