ಅಕ್ಷರದ ಗಾತ್ರ ಯಾರ ಕೈಯಲ್ಲಿ?

ಅಚ್ಚಾದ ಪುಸ್ತಕದಲ್ಲಿ ಅಕ್ಷರದ ಗಾತ್ರ ಮೊಳೆ ಜೋಡಿಸಿದ ದಿನವೇ ತೀರ್ಮಾನವಾಗಿಬಿಡುತ್ತದೆ. ಕಣ್ಣು ಮಂಜಾದವರು ಭೂತಗನ್ನಡಿ ಹಿಡಿಯಬೇಕು, ಇಲ್ಲವೇ ಬೇರೆಯವರಿಂದ ಓದಿಸಿಕೊಳ್ಳಬೇಕು. 1991ರಲ್ಲಿ ಜಿನೀವಾ ಸಮೀಪದ ಸರ್ನ್ ಪ್ರಯೋಗಾಲಯದಿಂದ ಟಿಮ್ ಬರ್ನರ್ಸ್-ಲೀ ಅವರು ವರ್ಲ್ಡ್ ವೈಡ್ ವೆಬ್ಬನ್ನು ಹೊರಜಗತ್ತಿಗೆ ಕೊಟ್ಟಾಗ ಈ ಕಟ್ಟು ಸಡಿಲವಾಗುವ ಲಕ್ಷಣ ಕಂಡಿತು. ಪುಟ ಬರೆದವರು ಇದು ಶೀರ್ಷಿಕೆ, ಇದು ಪರಿಚ್ಛೇದ ಎಂದಷ್ಟೇ ಗುರುತು ಹಾಕುತ್ತಿದ್ದರು. ಅದನ್ನು ಎಷ್ಟು ದೊಡ್ಡದಾಗಿ ತೋರಿಸಬೇಕೆಂಬುದು ಓದುಗರ ಗಣಕದಲ್ಲಿರುವ ಬ್ರೌಸರಿಗೆ ಬಿಟ್ಟ ವಿಚಾರವಾಗಿತ್ತು.

ಈ ಉದಾರ ವ್ಯವಸ್ಥೆ ಬಹುಕಾಲ ಉಳಿಯಲಿಲ್ಲ. 1993ರಲ್ಲಿ ಮೊಸಾಯಿಕ್, 1994ರಲ್ಲಿ ನೆಟ್‌ಸ್ಕೇಪ್ ಬಂದು ಅಂತರಜಾಲ ಜನಪ್ರಿಯವಾಗುತ್ತಿದ್ದಂತೆ, ವಿನ್ಯಾಸಕಾರರು ಪತ್ರಿಕೆಯ ಪುಟದಂಥ ಬಿಗಿಯಾದ ಅಂದವನ್ನು ಬಯಸಿದರು. 1ರಿಂದ 7ರವರೆಗೆ ಗಾತ್ರ ಸೂಚಿಸುವ ಗುರುತು ಬಳಕೆಗೆ ಬಂತು. ಇದಕ್ಕಿಂತ ಶಿಸ್ತಿನ ದಾರಿಯನ್ನು 1994ರ ಅಕ್ಟೋಬರಿನಲ್ಲಿ ನಾರ್ವೆಯ ಹೋಕನ್ ವಿಯುಮ್ ಲೀ ಸೂಚಿಸಿದರು; 1996ರ ಡಿಸೆಂಬರಿನಲ್ಲಿ ಅದೇ ಸಿಎಸ್‌ಎಸ್ ಎಂಬ ಅಧಿಕೃತ ಶಿಫಾರಸಾಯಿತು. ಪುಟದ ಕರ್ತೃ ಮತ್ತು ಓದುಗ ಇಬ್ಬರ ಇಷ್ಟವನ್ನೂ ಹೊಂದಿಸಬೇಕೆಂಬುದು ಅದರ ಮೂಲ ಆಶಯ.

ತೊಡಕು ಬಂದದ್ದು ಅಳತೆಗೋಲಿನಲ್ಲಿ. ಮ್ಯಾಕಿಂಟಾಷ್ ಗಣಕ ಅಂಗುಲಕ್ಕೆ 72 ಚುಕ್ಕೆಗಳ ಲೆಕ್ಕ ಹಿಡಿದರೆ, ವಿಂಡೋಸ್ 96ರ ಲೆಕ್ಕ ಹಿಡಿಯುತ್ತಿತ್ತು. ಹಾಗಾಗಿ 12 ಪಾಯಿಂಟಿನ ಅಕ್ಷರ ಒಂದರಲ್ಲಿ 12 ಚುಕ್ಕೆ, ಇನ್ನೊಂದರಲ್ಲಿ 16 ಚುಕ್ಕೆ! ವಿಂಡೋಸಿನಲ್ಲಿ ಮುದ್ದಾಗಿ ಕಂಡ 8 ಪಾಯಿಂಟ್ ಮ್ಯಾಕಿಂಟಾಷಿನಲ್ಲಿ ಇರುವೆಸಾಲು. ಈ ಗೊಂದಲ ತಪ್ಪಿಸಲು ಅನೇಕರು ಗಾತ್ರವನ್ನು ನೇರವಾಗಿ ಚುಕ್ಕೆಗಳಲ್ಲಿ, ಅಂದರೆ ಪಿಕ್ಸೆಲ್‌ಗಳಲ್ಲಿ, ಕೊಡತೊಡಗಿದರು. 2001ರಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರಲ್ಲಿ ಗಾತ್ರ ಬದಲಿಸಲು ಐದು ಮೆಟ್ಟಿಲುಗಳಿದ್ದವು. ಆದರೆ ಪಿಕ್ಸೆಲ್ ಲೆಕ್ಕದ ಅಕ್ಷರ ಯಾವ ಮೆಟ್ಟಿಲಿಗೂ ಕದಲುತ್ತಿರಲಿಲ್ಲ. ಪುಟದ ಗಾತ್ರವನ್ನು ಕಡೆಗಣಿಸುವ ಆಯ್ಕೆಯೊಂದು ಒಳಗೆಲ್ಲೋ ಅಡಗಿತ್ತು. ಸಣ್ಣಕ್ಷರ ಓದಲಾಗದವರೇ ಅದನ್ನು ಸಣ್ಣಕ್ಷರಗಳ ನಡುವೆ ಹುಡುಕಬೇಕು. ತಂತ್ರಜ್ಞಾನ ಇರಲಿಲ್ಲವೆನ್ನುವಂತಿಲ್ಲ: ಅದೇ ಕಂಪನಿ 2000ದಲ್ಲಿ ಮ್ಯಾಕಿಂಟಾಷಿಗೆ ಕೊಟ್ಟ ಬ್ರೌಸರಿನಲ್ಲಿ ಎಲ್ಲ ಅಕ್ಷರಗಳೂ ಹಿಗ್ಗುತ್ತಿದ್ದವು.

ದೂರದರ್ಶನದ ಪರದೆಯ ಅಕ್ಷರವನ್ನು ವೀಕ್ಷಕರು ಹಿಗ್ಗಿಸಲಾರರು. ಆದ್ದರಿಂದ ನಾವು ಕೋಣೆಯ ಆ ತುದಿಯಲ್ಲಿ ಕುಳಿತವರನ್ನು ನೆನೆದು ಹೆಸರುಪಟ್ಟಿ ಬರೆಸುತ್ತೇವೆ. ಹಿಗ್ಗಿಸಬಲ್ಲ ಮಾಧ್ಯಮವೇ ಹಿಗ್ಗಲು ಬಿಡದೆ ಕೂತದ್ದು ನನಗೆ ಈಗಲೂ ವಿಚಿತ್ರವೆನಿಸುತ್ತದೆ.

ಸ್ಥಿರ ಅಳತೆ ಬೇಡ, ಸಾಪೇಕ್ಷ ಅಳತೆ ಬಳಸಿ ಎಂದು ವೆಬ್ ಒಕ್ಕೂಟದ ಮಾರ್ಗಸೂಚಿ 1999ರ ಮೇ ತಿಂಗಳಲ್ಲೇ ಹೇಳಿತ್ತು. 2008ರ ಪರಿಷ್ಕರಣೆ ಇನ್ನೂ ಖಚಿತ: ಅಕ್ಷರ ಶೇ. 200ರಷ್ಟು ಹಿಗ್ಗಿದರೂ ಪುಟ ಕೆಡಬಾರದು. ಒಪೆರಾದಲ್ಲಿ ಮೊದಲೇ ಇದ್ದ ಇಡೀ ಪುಟ ಹಿಗ್ಗಿಸುವ ಸೌಲಭ್ಯ 2006ರಲ್ಲಿ ಎಕ್ಸ್‌ಪ್ಲೋರರ್ 7ಕ್ಕೂ, 2008ರಲ್ಲಿ ಫೈರ್‌ಫಾಕ್ಸ್ 3ಕ್ಕೂ ಬಂತು. ಕಂಟ್ರೋಲ್ ಕೀಲಿಯೊಡನೆ ಅಧಿಕ ಚಿಹ್ನೆ ಒತ್ತಿದರೆ ಹಿಗ್ಗುತ್ತದೆ, ಸೊನ್ನೆ ಒತ್ತಿದರೆ ಮೊದಲಿನಂತಾಗುತ್ತದೆ. ಹಿಗ್ಗಿದ ಸಾಲು ಪರದೆಯಾಚೆ ಓಡದೆ ಮಡಚಿಕೊಳ್ಳಬೇಕೆಂಬ ನಿಯಮ ಸೇರಿದ್ದು 2018ರಲ್ಲಿ.

ಕನ್ನಡಕ್ಕೆ ಇಲ್ಲಿ ತನ್ನದೇ ಒಂದು ತಕರಾರಿದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಡಿಸು ಮೇಲಕ್ಕೆ ಏರುತ್ತದೆ. ಸಾಲುಗಳ ಅಂತರವನ್ನು ಪಿಕ್ಸೆಲ್‌ನಲ್ಲಿ ಕಟ್ಟಿಹಾಕಿ ಅಕ್ಷರವನ್ನಷ್ಟೇ ಹಿಗ್ಗಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. ಅಂತರವನ್ನು ಅಕ್ಷರದ ಒಂದೂವರೆ ಪಟ್ಟು ಎಂಬಂತೆ ಕೊಟ್ಟರೆ ಎರಡೂ ಒಟ್ಟಿಗೆ ಬೆಳೆಯುತ್ತವೆ.